ಕೇದಾರದ ಹಾದಿಯಲ್ಲಿ ಕಳಚಿದ ಲಾಳ

ಹಿಮವತ್ಕೇದಾರದ ರಾವಲರು ವೀರಶೈವ ಪರಂಪರೆಯವರೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಸಂಗತಿ. ಆ ಸಂಬಂಧವೇ ೨೦೧೯ರ ಮೇ ತಿಂಗಳಲ್ಲಿ ನಮ್ಮನ್ನು ಗೌರೀಕುಂಡದವರೆಗೆ ಕರೆದೊಯ್ದಿತು. ಅಲ್ಲಿಂದ ಮುಂದೆ ಸುಮಾರು ೧೬ ಕಿಲೋಮೀಟರ್ ಏರುದಾರಿ. ೨೦೧೩ರ ಜೂನ್ ಪ್ರವಾಹದಲ್ಲಿ ರಾಮಬಾಡಾ ಕೊಚ್ಚಿಹೋದ ಮೇಲೆ ಹಾದಿಯು ಮಂದಾಕಿನಿಯನ್ನು ದಾಟಿ ಎದುರು ದಡ ಹಿಡಿಯುತ್ತದೆ, ಹಿಂದಿನದಕ್ಕಿಂತ ಉದ್ದ. ಮೊಣಕಾಲಿನ ನೆಪ ಹೇಳಿ ನಾವು ಕುದುರೆ ಏರಿದೆವು.

ಲಿಂಚೋಲಿ ದಾಟಿದ ಬಳಿಕ ಗೊರಸಿನ ಸದ್ದು ಬದಲಾಯಿತು. ಮೂರು ಹೆಜ್ಜೆ ಟಕ್ಕೆಂದರೆ ನಾಲ್ಕನೆಯದು ಮಂದ. ಕೇಳಿಸಿತಾದರೂ ಸುಮ್ಮನಿದ್ದೆವು; ಸಂಜೆಯ ಆರತಿಗೆ ಮುಟ್ಟುವ ಆತುರ. ಕುದುರೆ ಕುಂಟತೊಡಗಿದಾಗ ಅದನ್ನು ನಡೆಸುತ್ತಿದ್ದ ತರುಣನು, "ಬಾಬಾಜೀ, ಇಳಿಯಿರಿ. ಮುಂಗಾಲಿನ ಲಾಳ ಬಿದ್ದಿದೆ" ಎಂದನು. "ಇನ್ನೆಷ್ಟು ದೂರ ಮಗೂ, ಮೆಲ್ಲಗೆ ಹೋಗೋಣ" ಎಂದೆವು. ಆ ಮಾತು ನೆನೆದರೆ ಇಂದಿಗೂ ನಾಚಿಕೆ. ಅವನು ಲಗಾಮು ಹಿಡಿದು ನಿಂತೇ ಬಿಟ್ಟನು. ಇಳಿದೆವು.

ಕಾಲನ್ನು ಮೊಣಕಾಲುಗಳ ನಡುವೆ ಹಿಡಿದು ಮಣ್ಣು ಕೆರೆದನು. ಗೊರಸಿನಲ್ಲೇ ಉಳಿದಿದ್ದ ಎರಡು ಮೊಳೆಗಳನ್ನು ಇಕ್ಕಳದಿಂದ ಕಿತ್ತನು. ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತ ಗಾಯವುಂಟೇ ಎಂದು ಪರೀಕ್ಷಿಸಿದನು; ಮೊಳೆ ಆಳಕ್ಕೆ ನಾಟಿದ್ದರೆ ಅದು ಪಶುವೈದ್ಯರ ಕೆಲಸ. ಆಮೇಲೆ ಗೋಣಿಯ ತುಂಡನ್ನು ಮಡಿಸಿ ಗೊರಸಿಗೆ ಸುತ್ತಿ ಕಟ್ಟಿದನು.

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ. ಕತ್ತರಿಸಿದರೆ ನೋವಿಲ್ಲ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆದುದರಿಂದ ಲಾಳ ಸವೆಯದಿದ್ದರೂ ಆರೆಂಟು ವಾರಕ್ಕೊಮ್ಮೆ ತೆಗೆದು, ಗೊರಸು ಸವರಿ, ಮತ್ತೆ ಹೊಡೆಯಬೇಕು. ತಡವಾದರೆ ಮೊಳೆ ಸಡಿಲುತ್ತದೆ. ಬರಿಗೊರಸಿನಲ್ಲಿ ಕಲ್ಲುಹಾದಿ ತುಳಿಸಿದರೆ ಅಂಚು ಸಿಗಿದು, ಮುಂದೆ ಮೊಳೆ ಹಿಡಿಯಲು ಜಾಗವೇ ಉಳಿಯದು. ಕುದುರೆಯ ಭಾರದಲ್ಲಿ ಹೆಚ್ಚಿನ ಪಾಲು ಮುಂಗಾಲುಗಳದೇ. ಅದರ ಮೇಲೆ ನಾವು ಬೇರೆ! ನಮ್ಮ ಎತ್ತುಗಳದು ಸೀಳುಗೊರಸು, ಕಾಲಿಗೆರಡು ಲಾಳ. ಎತ್ತನ್ನು ಕೆಡವಿ ಕಟ್ಟುವುದನ್ನು ಬಾಲ್ಯದ ಸಂತೆಗಳಲ್ಲಿ ಕಂಡಿದ್ದೆವು. ಕುದುರೆಗೆ ನಿಂತಂತೆಯೇ ಹೊಡೆಯುವರು.

ಬಿದ್ದ ಲಾಳ ನಲವತ್ತು ಹೆಜ್ಜೆ ಹಿಂದೆ ಸಿಕ್ಕಿತು. ಸೊಟ್ಟಗಾಗದಿದ್ದರೆ ಮತ್ತೆ ಬಳಸಬಹುದಿತ್ತಂತೆ, ಅದು ಸೊಟ್ಟಗಾಗಿತ್ತು. ಬಾಡಿಗೆ ಹೋಯಿತೆಂಬ ಕಳವಳ ತರುಣನ ಮುಖದಲ್ಲಿತ್ತು. ಪೂರ್ತಿ ಹಣ ಕೊಟ್ಟು, ಕೋಲೂರಿ ಹೊರಟೆವು. ಅವನು ಬರಿಬೆನ್ನಿನ ಕುದುರೆಯನ್ನು ಮೆಲ್ಲನೆ ಕೆಳಕ್ಕೆ ನಡೆಸಿಕೊಂಡು ಹೋದನು.

ನಾವು ಮುಟ್ಟುವಷ್ಟರಲ್ಲಿ ಆರತಿ ಮುಗಿದಿತ್ತು. ಮರುದಿನ ಇಳಿಯುವಾಗ ಅದೇ ಕುದುರೆ ಎದುರಾಯಿತು. ಕಾಲಿಗೆ ಹೊಸ ಲಾಳ, ಬೆನ್ನ ಮೇಲೆ ಬೇರೊಬ್ಬ ಯಾತ್ರಿಕ.