ಗಣಕದ ಭಾಷಾಂತರಕಾರನು

ಸಿ ಭಾಷೆಯಲ್ಲಿ ನಾವು ಬರೆದ ಮೂಲಪಾಠವನ್ನು ಗಣಕವು ತಾನಾಗಿ ಅರಿಯಲಾರದು. ಕಂಪೈಲರೆಂಬ ಭಾಷಾಂತರಕಾರನು ಅದರ ವ್ಯಾಕರಣವನ್ನು ಪರೀಕ್ಷಿಸಿ ಯಂತ್ರಭಾಷೆಗೆ ತಿರುಗಿಸುವನು. ಬಳಿಕ ಲಿಂಕರು ಬೇಕಾದ ಇತರ ಭಾಗಗಳನ್ನು ಜೋಡಿಸುವುದು. 1952ರಲ್ಲಿ ಇಂಥ ಮೊದಲ ಪ್ರಯತ್ನಗಳಲ್ಲೊಂದನ್ನು ಸಿದ್ಧಪಡಿಸಿದ ಗ್ರೇಸ್ ಹಾಪರ್ ಎಂಬಾಕೆಯು ಹಿಂದೆ ಗಣಿತದ ಉಪಾಧ್ಯಾಯಿನಿಯಾಗಿದ್ದರೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ.

ಅರ್ಧವಿರಾಮವೊಂದು ತಪ್ಪಿದರೂ ಈ ಭಾಷಾಂತರಕಾರನು ಸಾಲಿನ ಸಂಖ್ಯೆ ಹೇಳಿ ಗದರಿಸುವನು. ಅಂಕಪಟ್ಟಿಗಾಗಿ ನಾವು ರಚಿಸಿದ ಕ್ರಮವಿಧಿಗೆ ಮಾತ್ರ ಒಂದು ಆಕ್ಷೇಪಣೆಯನ್ನೂ ಎತ್ತಲಿಲ್ಲ. ಆದರೆ ಎರಡು ಪರೀಕ್ಷೆಗಳಲ್ಲಿ ಒಟ್ಟು 69 ಅಂಕ ಪಡೆದ ಹುಡುಗಿಯ ಸರಾಸರಿ 34 ಎಂದು ಬಂದಿತು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ಭಾಷೆಯು ದಶಾಂಶವನ್ನು ಬಿಟ್ಟುಬಿಡುವುದು. ಅರ್ಧವನ್ನು ಒಂದೆಂದು ಎಣಿಸುವ ನಮ್ಮ ರೂಢಿಯಂತೆ ಅವಳು 35 ಪಡೆದು ತೇರ್ಗಡೆಯಾಗಬೇಕಾಗಿತ್ತು. ಅವಳ ತಾಯಿ ಬಾಗಿಲಲ್ಲಿ ನಿಂತು ಅತ್ತ ಮೇಲೆಯೇ ನಾವು ಪೆನ್ಸಿಲು ಹಿಡಿದು ಲೆಕ್ಕ ಮಾಡಿದೆವು. 2 ಎಂಬಲ್ಲಿ 2.0 ಎಂದು ತಿದ್ದಿ ಪುನಃ ಕಂಪೈಲ್ ಮಾಡಲು 34.5 ಬಂದಿತು. ಹೊಸ ಪಟ್ಟಿಯನ್ನು ಆ ಸಂಜೆ ನಾವೇ ಅವರ ಮನೆಗೆ ಒಯ್ದೆವು.