ಹುಳಿ ಬಂದ ಗಡಿಗಿ

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ನೌಕರಿಗಿದ್ದಾನೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಗುಳೇದಗುಡ್ಡದ ಮಗ್ಗದ ಮನೆಯಲ್ಲೇ. ಒಂದು ಭಾನುವಾರ ಫೋನು ಮಾಡಿದವನ ದನಿಯಲ್ಲಿ ಸಂಭ್ರಮ ಹಿಡಿಸಲಾರದಷ್ಟಿತ್ತು. "ಮಾಮಾ, ಇಲ್ಲೊಂದು ಹಳ್ಳಿಗೆ ಬಂದೀನಿ. ಒಂದೇ ಮನಿತನದವರು ತಲಿತಲಾಂತರದಿಂದ ಬೀರು ಮಾಡಾಕತ್ತಾರ. ಇವರ ಬೀರಿಗೆ ಜೀವ ಐತಿ ಮಾಮಾ. ಪೀಪಾಯಿ ಒಳಗ ಹೋದ ಮ್ಯಾಲೂ ಹುದಗತಿರತೈತಿ" ಅಂದ.

ಹುಡುಗನ ಖುಷಿ ಕೇಳಿ ನನಗೂ ಖುಷಿಯಾಯಿತು. ಆದರೆ ಫೋನು ಇಟ್ಟ ಮೇಲೆ ಒಂದು ಸಂಗತಿ ಒಳಗೊಳಗೇ ಕೊರೆಯತೊಡಗಿತು. ಹಿಂದಿನ ಬ್ಯಾಸಗಿಯಲ್ಲಿ ಊರಿಗೆ ಬಂದಾಗ ಅಕ್ಕ ಅವನ ಮುಂದೆ ಅಂಬಲಿಯ ಬಟ್ಟಲು ಇಟ್ಟಿದ್ದಳು. ಮೂಗಿನ ಹತ್ತಿರ ಒಯ್ದು, "ಹಳಸೇತಿ ಯವ್ವಾ, ಒಲ್ಲೆ" ಎಂದು ಸರಿಸಿಬಿಟ್ಟ. ಅಕ್ಕ ಮಾತಾಡದೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಅಲ್ಲಿ ಪೀಪಾಯಿಯಲ್ಲಿ ಹುಳಿತದ್ದಕ್ಕೆ ಜೀವ, ಇಲ್ಲಿ ಗಡಿಗಿಯಲ್ಲಿ ಹುಳಿತದ್ದು ಹಳಸಲು. ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ.

ಅವನು ಹೋಗಿದ್ದು ಆಕ್ಸ್‌ಫರ್ಡ್‌ಶೈರಿನ ಹುಕ್ ನಾರ್ಟನ್ ಎಂಬ ಹಳ್ಳಿಗೆ. 1849ರಲ್ಲಿ ಜಾನ್ ಹ್ಯಾರಿಸ್ ಎಂಬಾತ ಅಲ್ಲಿ ಶುರು ಮಾಡಿದ ಕೆಲಸ ಇಂದಿಗೂ ಅವನ ವಂಶದವರ ಕೈಯಲ್ಲಿದೆ. ಕಟ್ಟಡವೇ ಒಂದು ಗೋಪುರ. ಧಾನ್ಯವನ್ನೂ ನೀರನ್ನೂ ಮೇಲಿನ ಅಂತಸ್ತಿಗೆ ಏರಿಸಿಬಿಟ್ಟರೆ ಮುಂದಿನದೆಲ್ಲ ತಾನಾಗಿ ಒಂದೊಂದೇ ಅಂತಸ್ತು ಇಳಿಯುತ್ತ ಬರುತ್ತದೆ. 1899ರ ಉಗಿಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದಾರೆ. ಸುತ್ತಲಿನ ಪಬ್ಬುಗಳಿಗೆ ಪೀಪಾಯಿ ಒಯ್ಯಲು ದೈತ್ಯ ಗಾತ್ರದ ಶೈರ್ ಕುದುರೆಗಳನ್ನು ಸಾಕಿದ್ದಾರೆ. ಹಳೆಯದನ್ನು ಇಷ್ಟು ಅಕ್ಕರೆಯಿಂದ ಇಟ್ಟುಕೊಂಡವರ ಬಗ್ಗೆ ನನಗೆ ಗೌರವವಿದೆ.

ಆ ಬೀರಿನ ರೀತಿಯೂ ಗೌರವ ಪಡುವಂಥದ್ದೇ. ಬಾಟಲಿ ಬೀರನ್ನು ಸಾಮಾನ್ಯವಾಗಿ ಸೋಸಿ, ಕಾಯಿಸಿ, ಈಸ್ಟನ್ನು ಸಾಯಿಸಿ ತುಂಬುತ್ತಾರೆ. ಇದನ್ನು ಈಸ್ಟಿನ ಸಮೇತ ಪೀಪಾಯಿಗಿಳಿಸುತ್ತಾರೆ. ಫರ್ಕಿನ್ ಎಂಬ ಪೀಪಾಯಿ ಸುಮಾರು 41 ಲೀಟರ್ ಹಿಡಿಯುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ತಂಪಿನಲ್ಲಿ ಅದು ಎರಡನೇ ಸಲ ಹುದುಗುತ್ತದೆ. ನೋಡಿಕೊಳ್ಳುವವನು ಮೇಲಿನ ತೂತಿಗೆ ಮೆತ್ತನೆ ಕಟ್ಟಿಗೆಯ ಬೆಣೆ ಬಡಿದು ಗಾಳಿ ಬಿಡುತ್ತಾನೆ, ಹದಕ್ಕೆ ಬಂತೆನಿಸಿದಾಗ ಗಟ್ಟಿ ಕಟ್ಟಿಗೆಯ ಬೆಣೆ ಜಡಿಯುತ್ತಾನೆ. ಗಷ್ಟು ತಳಕ್ಕೆ ಕೂತು ತಿಳಿಯಾಗುವವರೆಗೆ ಯಾರು ಬಂದು ಕೇಳಿದರೂ ಕೊಡುವುದಿಲ್ಲ. ಒಮ್ಮೆ ತೆರೆದರೆ ಮೂರು ದಿನದಲ್ಲಿ ಮುಗಿಸಬೇಕು, ಇಲ್ಲವಾದರೆ ಕೆಡುತ್ತದೆ. ಗ್ಯಾಸಿನಿಂದ ದೂಡುವುದಿಲ್ಲ, ಕೈಪಂಪಿನಿಂದ ಜಗ್ಗಿ ಲೋಟಕ್ಕೆ ತುಂಬುತ್ತಾರೆ. ಅಳಿಯ ಒಂದೊಂದೇ ಗುಟುಕು ಬಾಯಲ್ಲಿ ಹೊರಳಾಡಿಸಿ ಕುಡಿದನಂತೆ. "ಮೊದಲ ಕಹಿ, ಆಮ್ಯಾಲೆ ಹುರಿದ ಕಾಳಿನ ವಾಸನಿ, ಕಡೀಕ ಒಂಚೂರು ಹಣ್ಣಿನ ರುಚಿ" ಎಂದು ವರ್ಣಿಸಿದ. ನಾಲಿಗೆಯೇನೋ ಚುರುಕಾಗಿದೆ. ಅದೇ ನಾಲಿಗೆ ಅವ್ವನ ಬಟ್ಟಲಿನ ಮುಂದೆ ಯಾಕೆ ಮುದುಡಿತು?

ಅಕ್ಕನ ಅಂಬಲಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಿಳಿಜೋಳದ ಹಿಟ್ಟನ್ನು ಗಂಟಿಲ್ಲದಂತೆ ನೀರಲ್ಲಿ ಕದಡಿ, ಹಿಂದಿನ ದಿನದ ಹುಳಿ ಒಂದಿಷ್ಟು ಬೆರೆಸಿ, ಮಣ್ಣಿನ ಗಡಿಗಿಗೆ ಸುರುವಿ, ಬಾಯಿಗೆ ಅರಿವೆ ಕಟ್ಟಿಡುತ್ತಾಳೆ. ಬೆಳಗಿಗೆ ಮೇಲೆ ಸಣ್ಣ ಗುಳ್ಳೆ ಎದ್ದಿರುತ್ತವೆ. ಅರಿವೆ ಬಿಚ್ಚದೆ, ಮೇಲಿಂದಲೇ ಮೂಸಿ, "ಇನ್ನs ಸ್ವಲ್ಪ ತಡಿಬೇಕು" ಅನ್ನುತ್ತಾಳೆ. ಬ್ಯಾಸಗಿಗೆ ಬೇಗ, ಚಳಿಗಾಲಕ್ಕೆ ನಿಧಾನ. ಹದ ಬಂದ ಮೇಲೆ ಕುದಿಯುವ ನೀರಿಗೆ ಬಿಟ್ಟು, ಕೈಬಿಡದೆ ತಿರುವಿ, ಆರಿಸಿ, ಮಜ್ಜಿಗೆ ಹೊಯ್ದು, ಜಜ್ಜಿದ ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕುತ್ತಾಳೆ. ಕುದಿಯುವಾಗ ಸತ್ತ ಸೂಕ್ಷ್ಮಜೀವಿಗಳ ಜಾಗಕ್ಕೆ ಮಜ್ಜಿಗೆಯವು ಬಂದು ಸೇರುತ್ತವೆ. ಥರ್ಮಾಮೀಟರಿಲ್ಲ, ಗಡಿಯಾರವಿಲ್ಲ. ಇದ್ದದ್ದು ಒಂದು ಮೂಗು. ಆ ಮೂಗಿಗೆ ಕಲಿಸಿದ್ದು ನಮ್ಮ ಅವ್ವ, ಅವ್ವನಿಗೆ ಅವಳತ್ತೆ. ಮನೆತನದ ವಿದ್ಯೆ ಅಂದರೆ ಇದೂ ಅಲ್ಲವೇ?

ಬೀರಿಗೂ ಅಂಬಲಿಗೂ ದಾರಿ ಬೇರೆಯಾಗುವುದು ಮೊಳಕೆಯ ಹತ್ತಿರ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿದರೆ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ಹಾದಿ ತೆರೆಯುತ್ತದೆ, ಆ ಸಕ್ಕರೆಯನ್ನು ಈಸ್ಟು ತಿಂದು ಮದ್ಯ ಮಾಡುತ್ತದೆ. ನಾವು ಮೊಳಕೆ ಬರಿಸದೆ ಬೀಸುತ್ತೇವೆ. ಹಾಗಾಗಿ ಹುಳಿಸುವ ಬ್ಯಾಕ್ಟೀರಿಯಾದ ಕೈ ಮೇಲಾಗುತ್ತದೆ, ಅಮಲಿಲ್ಲದ ತಂಪು ನಮಗೆ ಸಿಗುತ್ತದೆ. ಜೋಳದಿಂದ ಬೀರು ಆಗುವುದಿಲ್ಲ ಅಂತಲ್ಲ. ಜೋಳದ ತವರು ಆಫ್ರಿಕ. ಅಲ್ಲಿ ಬುರ್ಕಿನಾ ಫಾಸೊದ ಹೆಣ್ಣುಮಕ್ಕಳು ಕೆಂಪುಜೋಳವನ್ನು ಮೊಳಕೆಗಟ್ಟಿಸಿ ದೋಲೊ ಎಂಬ ಬೀರು ಕುದಿಸುತ್ತಾರೆ, ಘಾನಾದಲ್ಲಿ ಅಂಥದ್ದೇ ಪಿಟೊ. ಅಂಗಳದಲ್ಲಿ ದೊಡ್ಡ ಹರವಿಗಳ ಸಾಲು, ಸೋರೆಬುರುಡೆಯ ಬಟ್ಟಲು. ಕುಡಿಯುವವರು ಯಾರಾದರೂ ವಿದ್ಯೆ ಹೆಂಗಸರದು. ಆ ತಾಯಂದಿರನ್ನು ನಮ್ಮ ಓಣಿಗೆ ಕರೆತಂದು ಅಕ್ಕನ ಗಡಿಗಿಯ ಮುಂದೆ ಕೂರಿಸಿದರೆ ಭಾಷೆಯ ಹಂಗಿಲ್ಲದೆ ಮಾತು ನಡೆದೀತು.

ಅಮಲಿನ ಹೊಗಳಿಕೆಗೆ ನಾನು ಕೂತಿಲ್ಲ. ಸಾರಾಯಿ ನೇಕಾರರ ಎಷ್ಟು ಮನೆ ನುಂಗಿತು ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. 2007ರ ಜುಲೈ 1ರಿಂದ ಸರ್ಕಾರ ಅದನ್ನು ನಿಲ್ಲಿಸಿದಾಗ ಓಣಿಯ ಹೆಂಗಸರು ಬಿಟ್ಟ ಉಸಿರು ಇನ್ನೂ ನೆನಪಿದೆ. ಆದರೂ ನಮ್ಮ ಸೀಮೆ ಗಡಿಗಿ ಹಿಡಿದವರನ್ನು ಹಗುರಾಗಿ ನೋಡಬಾರದು. ಹನ್ನೆರಡನೇ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯ ಕೂತಿದ್ದ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದ. ತನ್ನ ಕಸುಬಿನ ಮಾತುಗಳನ್ನೇ ಹಿಡಿದು ಅನುಭಾವ ಹೇಳಿದ. ಕೂಡಲಸಂಗಮ ಇರುವ ಹುನಗುಂದದ ನೆಲಕ್ಕೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಅಕ್ಕನ ಗಡಿಗಿಯ ಅಂಬಲಿ ಕುಡಿದು ನೆಯ್ದ ಬಟ್ಟೆ ಗುಳೇದಗುಡ್ಡದ ಖಣ. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಭಾವ ಲಾಳಿ ಓಡಿಸುತ್ತಿದ್ದರೆ ಅತ್ತೆ ಮೂಲೆಯಲ್ಲಿ ಕಂಡಿಕಿ ಸುತ್ತುತ್ತಿದ್ದರು. ನಡುಮಧ್ಯಾಹ್ನ ಮಗ್ಗದಿಂದ ಮೇಲೆದ್ದು ಎರಡು ಬಟ್ಟಲು ಏರಿಸಿದರೆ ಮತ್ತೆ ಸಂಜೆತನಕ ತೇರು, ಸೂಜಿಮಲ್ಲಿಗೆಯ ಚಿತ್ತಾರ ಎದ್ದು ಬರುತ್ತಿದ್ದವು. ಆ ಖಣಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂದಿದೆ. ಆದರೆ ಮಾನ್ಯತೆಯ ಕಾಗದ ಮಗ್ಗ ನಡೆಸುವುದಿಲ್ಲ. ಪಾವರ್‌ಲೂಮಿನ ಅಗ್ಗದ ನಕಲು ಪೇಟೆಯಲ್ಲಿ ತುಂಬಿಕೊಂಡಿದೆ, ಕೊಳ್ಳುವವರು ಕೇಳದೆ ಒಯ್ಯುತ್ತಿದ್ದಾರೆ.

ಇಂಗ್ಲಿಷರಿಗೂ ಇದೇ ಗತಿ ಬರಲಿತ್ತು. ದೊಡ್ಡ ಕಂಪನಿಗಳು ಗ್ಯಾಸು ತುಂಬಿದ ಸತ್ತ ಬೀರನ್ನು ಊರೂರಿಗೆ ಹರಿಬಿಟ್ಟಿದ್ದವು. 1971ರಲ್ಲಿ ನಾಲ್ವರು ಗೆಳೆಯರು ರೇಗಿ ಕ್ಯಾಮ್ರಾ ಎಂಬ ಸಂಘ ಕಟ್ಟಿದರು. ಅವರು ಬೀರು ಮಾಡುವವರಲ್ಲ, ಬರೀ ಕುಡಿಯುವವರು. ನಮಗೆ ಪೀಪಾಯಿಯ ಬೀರೇ ಬೇಕು ಎಂದು ಹಟ ಹಿಡಿದರು. ಮಾಡುವವರ ಹೊಟ್ಟೆ ತುಂಬಿಸಿದ್ದು ಆ ಹಟ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನಿದ್ದ. ಆಮೇಲೆ, "ಅವ್ವಗ ಫೋನ್ ಕೊಡು ಮಾಮಾ" ಅಂದ. ತಾಯಿ ಮಗ ಏನು ಮಾತಾಡಿಕೊಂಡರೋ ಅದು ಅವರದು.

ನಾನು ಮಾತ್ರ ಈಗ ಯಾವ ಖಾನಾವಳಿಗೆ ಹೋದರೂ ರೊಟ್ಟಿ, ಝುಣಕದ ಜೊತೆ ಅಂಬಲಿ ಕೇಳುತ್ತೇನೆ. ಇಲ್ಲ ಅಂದರೂ ಮುಂದಿನ ಸಲ ಮತ್ತೆ ಕೇಳುತ್ತೇನೆ. ಮೊನ್ನೆ ಬಾಗಲಕೋಟೆಯ ಒಂದು ಖಾನಾವಳಿಯಲ್ಲಿ ಕೇಳಿದಾಗ ಒಲೆಯ ಮುಂದಿದ್ದಾಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು: "ಇಟ್ಟೀನ್ರಿ ಅಣ್ಣಾರ, ಆದ್ರ ಇನ್ನೂ ಹುಳಿ ಬಂದಿಲ್ಲ. ನಾಳಿ ಬರ್ರಿ."