ತಾತನ ಮನೆಯ ಅಳತೆ

ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿ ನೂರು ವರ್ಷದ ಮನೆ. ಮುಂದೆ ಸಂಪಿಗೆ ಮರ, ಮಂಗಳೂರು ಹೆಂಚಿನ ವರಾಂಡ, ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಮಾಡು. ಬೆಂಗಳೂರಿಗರು ಅದನ್ನು 'ಮಂಕಿ ಟಾಪ್' ಎನ್ನುತ್ತಾರೆ.

ವಾಸ್ತುಶಿಲ್ಪ ಓದುವ ಮೊಮ್ಮಗಳು ಒಂದು ಭಾನುವಾರ ಟೇಪು ಹಿಡಿದು ಬಂದಳು. ಹಳೆಯ ಮನೆಯೊಂದನ್ನು ಅಳೆದು ನಕ್ಷೆ ಬರೆಯಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ಅದೇ ವಾರ ದೊಡ್ಡಪ್ಪ ಮನೆ ಮಾರುವ ಮಾತೆತ್ತಿದ್ದರು. ತಾತ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ಟೇಪಿನ ಇನ್ನೊಂದು ತುದಿಯನ್ನು ತಾತನೇ ಹಿಡಿದರು. ಗೋಡೆಯ ದಪ್ಪ ಒಂದೂವರೆ ಅಡಿ.

"ಇಷ್ಟು ದಪ್ಪ ಯಾಕೆ ತಾತ?"

"ಫ್ಯಾನಿಲ್ಲದ ಕಾಲದ್ದು ಮಗು. ಬಿಸಿಲಿನ ಕಾವು ಒಳಗಿಳಿಯೋ ಹೊತ್ತಿಗೆ ಸಂಜೆಯಾಗಿರುತ್ತೆ."

ತಲೆಯೆತ್ತಿದರೆ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಕಟ್ಟಿದ್ದು. ಕಾಲ ಕೆಳಗೆ ಕನ್ನಡಿಯಂಥ ಕೆಂಪು ನೆಲ. ಈಗ ಇವನ್ನು ಮಾಡಬಲ್ಲ ಮೇಸ್ತ್ರಿಗಳೇ ವಿರಳ.

ಮನೆಯ ಸುತ್ತ ಬಿಟ್ಟ ಜಾಗ ಅಳೆಯುವಾಗ ಅವಳು ನಿಂತಳು. ಮನೆ ನೋಡಲು ಬಂದವರು ಅದನ್ನು 'ದಂಡದ ಜಾಗ' ಎಂದಿದ್ದರಂತೆ. ಆದರೆ ಅದಕ್ಕೊಂದು ಕಾರಣವಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸತ್ತರು. ಆ ಬಳಿಕ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೇರ ರಸ್ತೆ, ಮನೆಗಳ ಹಿಂದೆ ಓಣಿ, ಗಾಳಿ ಬೆಳಕಿಗೆ ಜಾಗ ಬಂದವು. ಊರು ಸಾವಿನಿಂದ ಕಲಿತ ಪಾಠ ಆ ಖಾಲಿ ಜಾಗದಲ್ಲಿತ್ತು.

ದೊಡ್ಡಪ್ಪನ ಮಾತೂ ಸುಳ್ಳಲ್ಲ. ಮಳೆಗಾಲಕ್ಕೊಮ್ಮೆ ಹೆಂಚು ತಿರುವಬೇಕು, ಗೆದ್ದಲಿನಿಂದ ತೊಲೆ ಕಾಯಬೇಕು. ಮಕ್ಕಳ ಓದಿಗೂ ಹಣ ಬೇಕು. ಕಾನೂನು ಕಾಯುತ್ತದೆಯೇ ಎಂದರೆ, 1958ರ ಸ್ಮಾರಕಗಳ ಕಾಯಿದೆಯಲ್ಲಿ ನೂರು ವರ್ಷದ ಮಾತಿದೆ. ಆದರೆ ಸರ್ಕಾರ ಸ್ಮಾರಕವೆಂದು ಘೋಷಿಸದೆ ವಯಸ್ಸೊಂದೇ ರಕ್ಷಣೆಯಾಗದು. ಇಂಥ ಮನೆ ಉಳಿಯುವುದೂ ಉರುಳುವುದೂ ಮನೆಯವರ ಕೈಯಲ್ಲೇ ಇದೆ.

ಸಂಜೆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಇಲ್ಲೊಂದು ಗೂಡಿತ್ತಲ್ಲ, ದೀಪ ಇಡೋದು. ಬಿಟ್ಟಿದ್ದೀಯ," ಎಂದು ಬೆರಳಿಟ್ಟು ತೋರಿಸಿದರು. ಅವಳು ಪೆನ್ಸಿಲ್ ಎತ್ತಿಕೊಂಡಳು.

ಮಾರಾಟದ ಮಾತು ಮುಗಿದಿಲ್ಲ; ದೀಪಾವಳಿಯವರೆಗೆ ಮುಂದೆ ಹೋಗಿದೆ. ಅಷ್ಟರಲ್ಲಿ ತೊಲೆಗಳನ್ನು ನೋಡಲು ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸುವುದಾಗಿ ದೊಡ್ಡಪ್ಪನೇ ಹೇಳಿದ್ದಾರೆ.